ಎಂ67ರ ವಯಸ್ಸೆಷ್ಟು?

ಫೆಬ್ರವರಿ, ಮಾರ್ಚ್ ತಿಂಗಳ ರಾತ್ರಿಗಳಲ್ಲಿ ಕರ್ಕಾಟಕ ರಾಶಿ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ಕಣ್ಣಿಗೆ ಹೊಡೆಯುವಂಥ ತಾರೆ ಆ ರಾಶಿಯಲ್ಲಿ ಒಂದೂ ಇಲ್ಲದ್ದರಿಂದ ಹೆಚ್ಚಿನವರು ಅತ್ತ ನೋಡುವುದೇ ಇಲ್ಲ. ಕತ್ತಲೆ ಚೆನ್ನಾಗಿದ್ದರೆ ಪುಷ್ಯಾ ನಕ್ಷತ್ರದ ಮಧ್ಯೆ ಬೆಳ್ಳನೆಯ ಮಸುಕೊಂದು ಕಾಣುತ್ತದೆ. ಗೆಲಿಲಿಯೊ ತನ್ನ ದೂರದರ್ಶಕವನ್ನು ಅದರತ್ತ ತಿರುಗಿಸಿದಾಗ ಆ ಮಸುಕು ನಲವತ್ತಕ್ಕೂ ಹೆಚ್ಚು ತಾರೆಗಳಾಗಿ ಬಿಡಿಸಿಕೊಂಡಿತು; 1610ರ ತನ್ನ ಪುಸ್ತಕದಲ್ಲಿ ಅವನು ಅದನ್ನು ಬರೆದಿಟ್ಟ. ಅಲ್ಲಿಂದ ದಕ್ಷಿಣಕ್ಕೆ, ಆಶ್ಲೇಷಾದ ದಿಕ್ಕಿನಲ್ಲಿ ಎಂಟು ಡಿಗ್ರಿ ಇಳಿದರೆ ಇನ್ನೊಂದು ತಾರಾಗುಚ್ಛ ಸಿಗುತ್ತದೆ. ಬೈನಾಕ್ಯುಲರ್ ಇಲ್ಲದೆ ಅದು ಕಾಣುವುದು ಕಷ್ಟ. ಖಗೋಳ ವೀಕ್ಷಕ ಷಾರ್ಲ್ ಮೆಸ್ಸಿಯೆ ಮಸುಕಾಗಿ ಕಾಣುವ ಕಾಯಗಳ ತನ್ನ ಪಟ್ಟಿಯಲ್ಲಿ ಅದಕ್ಕೆ 67ನೇ ಸ್ಥಾನ ಕೊಟ್ಟಿದ್ದರಿಂದ ಖಗೋಳ ವಿಜ್ಞಾನಿಗಳು ಅದನ್ನು ಎಂ67 ಎನ್ನುತ್ತಾರೆ.

ಎಂ67 ನಮ್ಮಿಂದ ಸುಮಾರು 2,800 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ವಯಸ್ಸು ಸುಮಾರು 400 ಕೋಟಿ ವರ್ಷ. ಅದಕ್ಕೂ ನಮಗೂ ನಡುವೆ ಇರುವ ಧೂಳು ಅದರ ಹಳದಿ ಬೆಳಕಿನಲ್ಲಿ ಹತ್ತನೇ ಒಂದು ಪಾಲನ್ನು ತಡೆಯುತ್ತದೆ. ಈ ಮೂರು ಮಾತನ್ನು ಖಗೋಳ ವಿಜ್ಞಾನಿಗಳು ಧೈರ್ಯವಾಗಿ ಹೇಳುತ್ತಾರೆ. ಹೇಳುವುದಕ್ಕೆ ಅವರ ಕೈಯಲ್ಲಿ ಮೊದಲಿಗೆ ಇದ್ದದ್ದು ಎರಡು ಮೂರು ಬಣ್ಣದ ಶೋಧಕಗಳ ಮೂಲಕ ಅಳೆದ ಬೆಳಕು, ಅಷ್ಟೆ. ಈ ಅಳತೆಯ ಕೆಲಸಕ್ಕೆ ದ್ಯುತಿಮಾಪನ ಎಂದು ಹೆಸರು. ಬೆಳಕಿನ ಪ್ರಮಾಣವೊಂದರಿಂದಲೇ ದೂರ, ಧೂಳು, ವಯಸ್ಸು ಮೂರನ್ನೂ ಬೇರೆ ಬೇರೆಯಾಗಿ ಹೊರತೆಗೆಯುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಒಂಟಿ ತಾರೆಯನ್ನು ನೋಡುತ್ತ ಕೂತರೆ ಇದು ಆಗದ ಕೆಲಸ. ತಾರೆಯೊಂದು ಮಂಕಾಗಿ ಕಾಣುತ್ತಿದೆ ಎನ್ನಿ. ಅದು ನಿಜವಾಗಿಯೂ ಮಂಕಾಗಿರಬಹುದು, ಪ್ರಖರವಾಗಿದ್ದೂ ಬಹುದೂರದಲ್ಲಿರಬಹುದು, ಇಲ್ಲವೇ ಹತ್ತಿರವೇ ಇದ್ದು ಧೂಳಿನ ಮರೆಯಲ್ಲಿರಬಹುದು. ಕೆಂಪಾಗಿ ಕಾಣುತ್ತಿದ್ದರೂ ಇದೇ ಪಾಡು: ಅದರ ಮೈ ತಣ್ಣಗಿರುವುದು ಕಾರಣವೋ, ಧೂಳು ನೀಲಿ ಬೆಳಕನ್ನು ಸೋಸಿಬಿಟ್ಟದ್ದು ಕಾರಣವೋ ತಿಳಿಯದು. ವಯಸ್ಸಿನ ಮಾತಂತೂ ದೂರವೇ ಉಳಿಯಿತು. ಸೂರ್ಯನಂಥ ತಾರೆಯೊಂದು ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಉರಿಯುತ್ತದೆ. ಅದನ್ನು ನೋಡಿ ಚಿಕ್ಕದೋ ಮುದಿಯೋ ಎಂದು ಹೇಳಲಾಗದು.

ಗುಚ್ಛದಲ್ಲಿ ಮಾತು ಬೇರೆ. ಅಲ್ಲಿರುವ ನೂರಾರು ತಾರೆಗಳು ಅನಿಲ ಮತ್ತು ಧೂಳಿನ ಒಂದೇ ಮೋಡ ಕುಸಿದಾಗ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು. ಕಾಡಿನಲ್ಲಿ ಒಂಟಿಯಾಗಿ ನಿಂತ ಗಿಡ ಕುಳ್ಳಗಿದ್ದರೆ ಅದು ಎಳೆಯದೋ, ನೀರು ಗೊಬ್ಬರ ಸಿಗದೆ ಸೊರಗಿದ್ದೋ ಗೊತ್ತಾಗುವುದಿಲ್ಲ. ಒಂದೇ ದಿನ ಬಿತ್ತಿದ, ಒಂದೇ ಮಡಿಯಲ್ಲಿ ಒಂದೇ ನೀರು ಕುಡಿದ ಸಸಿಗಳಲ್ಲಿ ಎತ್ತರ ಬೇರೆ ಬೇರೆಯಾಗಿದ್ದರೆ ಅದಕ್ಕೆ ಬೀಜವೇ ಕಾರಣ ಎನ್ನಬಹುದು. ಗುಚ್ಛದ ತಾರೆಗಳೂ ಹಾಗೆಯೇ. ಅವುಗಳ ವಯಸ್ಸು ಒಂದೇ, ಮೂಲದ್ರವ್ಯ ಒಂದೇ. ಗುಚ್ಛದ ಅಗಲ ಅದರ ದೂರದ ಮುಂದೆ ತೀರ ಚಿಕ್ಕದಾದ್ದರಿಂದ ನಮ್ಮಿಂದ ಅವುಗಳ ದೂರವೂ ಒಂದೇ. ಉಳಿಯುವ ಮುಖ್ಯ ವ್ಯತ್ಯಾಸ ದ್ರವ್ಯರಾಶಿಯದು ಮಾತ್ರ.

ಈ ತಾರೆಗಳು ನಿಜಕ್ಕೂ ಒಟ್ಟಿಗಿವೆಯೋ ಅಥವಾ ನಮ್ಮ ಕಣ್ಣಿಗೆ ಹಾಗೆ ತೋರುತ್ತಿವೆಯೋ ಎಂಬ ಪ್ರಶ್ನೆಯನ್ನು ಮೊದಲು ಲೆಕ್ಕಕ್ಕೆ ಹಚ್ಚಿದವರು ಇಂಗ್ಲೆಂಡಿನ ಜಾನ್ ಮಿಷೆಲ್. ಆಕಾಶದಲ್ಲಿ ತಾರೆಗಳು ಮನಬಂದಂತೆ ಚೆದುರಿದ್ದರೆ ಕೃತ್ತಿಕೆಯ ಆರು ಪ್ರಖರ ತಾರೆಗಳು ಅಷ್ಟು ಹತ್ತಿರ ಸೇರಿ ಕಾಣುವ ಸಂಭವ ಸುಮಾರು ಐದು ಲಕ್ಷದಲ್ಲಿ ಒಂದು ಎಂದು ಅವರು 1767ರಲ್ಲಿ ತೋರಿಸಿದರು. ಯಾವ ತಾರೆಯ ದೂರವನ್ನೂ ಯಾರೂ ಇನ್ನೂ ಅಳೆದಿರದ ಕಾಲದಲ್ಲಿ, ಬರೀ ಸಂಭವನೀಯತೆಯ ಗಣಿತದಿಂದ ಒಂದು ಕುಟುಂಬವನ್ನು ಗುರುತಿಸಿದ ಆ ಲೆಕ್ಕ ನನಗೆ ತುಂಬ ಪ್ರಿಯವಾದದ್ದು.

ಬೆಳಕನ್ನು ಅಂಕಿಯಾಗಿಸುವ ಕತೆಯಲ್ಲಿ ನಮ್ಮ ಕಡೆಯ ಎಳೆಯೊಂದಿದೆ. ಪ್ರಾಚೀನ ಗ್ರೀಕರು ಬರಿಗಣ್ಣಿಗೆ ಕಾಣುವ ತಾರೆಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಒಂದನೇ ದರ್ಜೆಯವು ಪ್ರಖರ, ಆರನೆಯವು ಕಂಡೂ ಕಾಣದಂಥವು. 1856ರಲ್ಲಿ ನಾರ್ಮನ್ ಪಾಗ್ಸನ್ ಇದಕ್ಕೆ ಗಣಿತದ ಬಿಗಿ ತಂದರು. ಐದು ದರ್ಜೆಯ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸ. ಆದ್ದರಿಂದ ಒಂದು ದರ್ಜೆಗೆ 2.512 ಪಟ್ಟು. ಇಂದಿಗೂ ಕಾಂತಿಮಾನದ ಅಳತೆ ನಡೆಯುವುದು ಇದೇ ಲೆಕ್ಕದಲ್ಲಿ. ಅಂಕಿ ದೊಡ್ಡದಾದಷ್ಟೂ ತಾರೆ ಮಂಕು ಎಂಬುದನ್ನು ಮಾತ್ರ ಮರೆಯಬಾರದು. ಪಾಗ್ಸನ್ 1861ರಲ್ಲಿ ಮದರಾಸು ವೀಕ್ಷಣಾಲಯದ ಮುಖ್ಯಸ್ಥರಾಗಿ ಬಂದು 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಸಾಗಿತು. ಅದೇ ವಂಶದ ಕುಡಿ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

ಅದೇ ಸಂಸ್ಥೆಯ ವೇಣು ಬಾಪು ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಎಂ67 ಅಲ್ಲಿ ನೆತ್ತಿಯಿಂದ ಒಂದು ಡಿಗ್ರಿಯೂ ಸರಿಯದೆ ಹಾದುಹೋಗುತ್ತದೆ. ದ್ಯುತಿಮಾಪನ ಮಾಡುವವರಿಗೆ ಇದು ಸಣ್ಣ ಭಾಗ್ಯವಲ್ಲ. ನೆತ್ತಿಯ ಮೇಲಿರುವ ತಾರೆಯ ಬೆಳಕು ನಮ್ಮ ವಾತಾವರಣದ ಅತಿ ತೆಳುವಾದ ದಾರಿಯಲ್ಲಿ ಇಳಿಯುತ್ತದೆ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುವ ತಾರೆಯ ಬೆಳಕು ಅದರ ಎರಡರಷ್ಟು ಗಾಳಿಯನ್ನು ಹಾಯಬೇಕು. ಗಾಳಿ ಹಳದಿಗಿಂತ ನೀಲಿಯನ್ನು ಹೆಚ್ಚು ಚೆದುರಿಸುವುದರಿಂದ, ಕೆಳಗಿಳಿದ ತಾರೆ ಮಂಕಾಗುವುದು ಮಾತ್ರವಲ್ಲ, ಇರುವುದಕ್ಕಿಂತ ಕೆಂಪಾಗಿಯೂ ಕಾಣುತ್ತದೆ. ಹಾಗಾಗಿ ವೀಕ್ಷಕರು ರಾತ್ರಿಯಿಡೀ ಗೊತ್ತಿರುವ ಕೆಲವು ತಾರೆಗಳನ್ನು ಬೇರೆ ಬೇರೆ ಎತ್ತರದಲ್ಲಿ ಅಳೆದು, ಆ ರಾತ್ರಿ ಆ ಊರಿನ ಗಾಳಿ ಎಷ್ಟು ಬೆಳಕು ನುಂಗಿತು ಎಂಬುದನ್ನು ಮೊದಲು ಲೆಕ್ಕ ಹಾಕುತ್ತಾರೆ. ತಾರೆಯ ಕತೆಗೆ ಕೈಹಾಕುವುದು ಆಮೇಲೆ.

ದೂರದರ್ಶಕದ ತುದಿಯಲ್ಲಿರುವ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆ ಲಕ್ಷಾಂತರ ಪಿಕ್ಸೆಲ್‌ಗಳಾಗಿ ಹಂಚಿಹೋಗಿದೆ. ಬೆಳಕಿನ ಕಣ ಬಿದ್ದಲ್ಲಿ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಎಕ್ಸ್‌ಪೋಶರ್ ಮುಗಿದ ಮೇಲೆ ಯಾವ ಪಿಕ್ಸೆಲ್‌ನಲ್ಲಿ ಎಷ್ಟು ಎಲೆಕ್ಟ್ರಾನ್ ಕೂಡಿವೆ ಎಂದು ಎಣಿಸಿದರಾಯಿತು. ಒಂದು ತಾರೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಅದರ ಬೆಳಕು ಒಂದೇ ಪಿಕ್ಸೆಲ್‌ನಲ್ಲಿ ನಿಲ್ಲುವುದಿಲ್ಲ. ಗಾಳಿಯ ಅಲುಗಾಟದಿಂದ ಹರಡಿ ಸಣ್ಣ ದುಂಡನೆಯ ಗುಡ್ಡೆಯಾಗಿರುತ್ತದೆ. ಗುಡ್ಡೆಯ ಸುತ್ತ ಐದು ಪಿಕ್ಸೆಲ್ ತ್ರಿಜ್ಯದ ವೃತ್ತ ಎಳೆದರೆ ಒಳಗೆ ಸುಮಾರು 78 ಪಿಕ್ಸೆಲ್‌ಗಳು ಬರುತ್ತವೆ. ಅಷ್ಟರಲ್ಲೂ ಸೇರಿ 61,200 ಎಲೆಕ್ಟ್ರಾನ್ ಸಿಕ್ಕವು ಎಂದುಕೊಳ್ಳಿ. ಇದೆಲ್ಲ ತಾರೆಯದಲ್ಲ. ಆಕಾಶಕ್ಕೂ ತನ್ನದೇ ಮಂದ ಹೊಳಪಿದೆ. ಪಕ್ಕದ ಖಾಲಿ ಜಾಗದಲ್ಲಿ ಪಿಕ್ಸೆಲ್‌ಗೆ 400 ಎಲೆಕ್ಟ್ರಾನ್ ಬಂದಿದ್ದರೆ ವೃತ್ತದೊಳಗೆ ಆಕಾಶದ ಪಾಲು 31,200. ಕಳೆದರೆ ತಾರೆಗೆ ಉಳಿದದ್ದು 30,000. ಬೆಳಕಿನ ಕಣಗಳು ಒಂದೇ ಲಯದಲ್ಲಿ ಬರುವುದಿಲ್ಲವಾದ್ದರಿಂದ ಎಣಿಕೆಯಲ್ಲಿ ಏರಿಳಿತ ಇದ್ದೇ ಇರುತ್ತದೆ. ಒಟ್ಟು ಎಣಿಕೆಯ ವರ್ಗಮೂಲವೇ ಅದರ ಅಂದಾಜು. ಇಲ್ಲಿ ಅದು 247. ಅಂದರೆ ಮೂವತ್ತು ಸಾವಿರಕ್ಕೆ ಇನ್ನೂರೈವತ್ತರಷ್ಟು, ಶೇಕಡ ಒಂದಕ್ಕಿಂತ ಕಡಿಮೆ. ಕಾಂತಿಮಾನದಲ್ಲಿ ಹೇಳುವುದಾದರೆ ಒಂದು ದರ್ಜೆಯ ನೂರನೇ ಒಂದು ಪಾಲಿನಷ್ಟು ತಪ್ಪು. ಗುಚ್ಛಗಳ ಕೆಲಸಕ್ಕೆ ಬೇಕಾದ ನಿಖರತೆ ಸುಮಾರಾಗಿ ಇಷ್ಟು.

ತಾರೆಗಳು ಒತ್ತೊತ್ತಾಗಿರುವ ಕಡೆ ಈ ವೃತ್ತದ ಉಪಾಯ ಕೈಕೊಡುತ್ತದೆ, ಏಕೆಂದರೆ ಒಂದರ ವೃತ್ತದೊಳಗೆ ಇನ್ನೊಂದರ ಬೆಳಕು ನುಗ್ಗಿರುತ್ತದೆ. ಆಗ ಒಂದು ಸಂಗತಿ ನೆರವಿಗೆ ಬರುತ್ತದೆ: ಒಂದೇ ಚಿತ್ರದಲ್ಲಿರುವ ತಾರೆಗಳೆಲ್ಲ ಒಂದೇ ಗಾಳಿ, ಒಂದೇ ದೂರದರ್ಶಕ ದಾಟಿ ಬಂದವಾದ್ದರಿಂದ ಅವುಗಳ ಗುಡ್ಡೆಗಳ ಆಕಾರ ಹೆಚ್ಚುಕಡಿಮೆ ಒಂದೇ, ಎತ್ತರ ಮಾತ್ರ ಬೇರೆ. ಒಂಟಿಯಾಗಿ ನಿಂತ ಪ್ರಖರ ತಾರೆಗಳಿಂದ ಆ ಆಕಾರ ಕಲಿತು, ಒಂದರ ಮೇಲೊಂದು ಬಿದ್ದ ಗುಡ್ಡೆಗಳನ್ನು ಬಿಡಿಸಬಹುದು. ಕೆನಡಾದ ಪೀಟರ್ ಸ್ಟೆಟ್ಸನ್ ಇದಕ್ಕಾಗಿ ಬರೆದ ಡಾವೊಫಾಟ್ ಎಂಬ ಪ್ರೋಗ್ರಾಂನ ವಿವರ 1987ರಲ್ಲಿ ಪ್ರಕಟವಾಯಿತು. ಗುಚ್ಛಗಳ ಬಗ್ಗೆ ಕೆಲಸ ಮಾಡುವ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಬಳಸುತ್ತಾರೆ.

ಇಷ್ಟಾದರೂ ನಮ್ಮ ಅಂಕಿ ನಮ್ಮ ದೂರದರ್ಶಕದ ಅಂಕಿಯಾಗಿಯೇ ಉಳಿಯಿತು. ಲೋಕಕ್ಕೆಲ್ಲ ಒಂದೇ ಅಳತೆಗೋಲು ಬೇಕಲ್ಲ. ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ 1953ರಲ್ಲಿ ಯು, ಬಿ, ವಿ ಎಂಬ ಮೂರು ಬಣ್ಣಪಟ್ಟಿಗಳನ್ನು ಗೊತ್ತುಮಾಡಿದರು. ಯು ಅತಿನೇರಳೆಯ ಅಂಚಿನದು, ಬಿ ನೀಲಿಯದು, ವಿ ನಮ್ಮ ಕಣ್ಣು ಚೆನ್ನಾಗಿ ಕಾಣುವ ಹಸಿರು ಹಳದಿಯದು. ಆ ಅಳತೆಗೆ ಹೊಂದಿಸಿದ ಪ್ರಮಾಣ ತಾರೆಗಳ ಪಟ್ಟಿಗಳಿವೆ. ಆರ್ಲೊ ಲ್ಯಾಂಡೊಲ್ಟ್ ಆಕಾಶದ ವಿಷುವದ್ವೃತ್ತದ ಉದ್ದಕ್ಕೂ ಅಳೆದಿಟ್ಟ ತಾರೆಗಳನ್ನು ಎರಡೂ ಗೋಳಾರ್ಧದವರು ಬಳಸುತ್ತಾರೆ. ಎಂ67ರ ತಾರೆಗಳೇ ಎಷ್ಟೋ ದೂರದರ್ಶಕಗಳಿಗೆ ಈ ಕೆಲಸ ಮಾಡಿಕೊಟ್ಟಿವೆ. ಒಂದೇ ಚಿತ್ರದೊಳಗೆ ನೀಲಿಯಿಂದ ಕೆಂಪಿನವರೆಗೆ ನಾನಾ ಬಣ್ಣದ ತಾರೆಗಳು ಸಿಗುವುದೇ ಇದಕ್ಕೆ ಕಾರಣ.

ಬಿ ಕಾಂತಿಮಾನದಿಂದ ವಿ ಕಾಂತಿಮಾನ ಕಳೆದರೆ ತಾರೆಯ ಬಣ್ಣ ಒಂದು ಅಂಕಿಯಾಗಿ ಸಿಗುತ್ತದೆ. ಅಭಿಜಿತ್‌ಗೆ ಅದು ಸೊನ್ನೆ. ಸೂರ್ಯನಿಗೆ 0.65, ಸ್ವಾತಿಗೆ 1.2, ಆರ್ದ್ರೆಗೆ 1.8ಕ್ಕೂ ಮೇಲೆ. ಕುದಿಬಿಸಿಯ ನೀಲಿ ಚಿತ್ರಾ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬಣ್ಣವೆಂದರೆ ಮೇಲ್ಮೈಯ ಉಷ್ಣತೆ. ಎರಡು ಬಣ್ಣಗಾಜುಗಳು ಸೇರಿ ಲಕ್ಷ ಕೋಟಿ ಕಿಲೋಮೀಟರುಗಳಾಚೆಗಿನ ಬೆಂಕಿಗೆ ಥರ್ಮಾಮೀಟರ್ ಆಗಿಬಿಡುತ್ತವೆ.

ಈಗ ಒಂದು ನಕ್ಷೆ ಬರೆಯೋಣ. ಅಡ್ಡಕ್ಕೆ ಬಣ್ಣ, ಎಡದಲ್ಲಿ ನೀಲಿ, ಬಲದಲ್ಲಿ ಕೆಂಪು. ಉದ್ದಕ್ಕೆ ಕಾಂತಿಮಾನ, ಮೇಲೆ ಪ್ರಖರ, ಕೆಳಗೆ ಮಂಕು. ಗುಚ್ಛದ ಪ್ರತಿಯೊಂದು ತಾರೆಗೂ ಒಂದೊಂದು ಚುಕ್ಕೆ. 1911ರಲ್ಲಿ ಡೆನ್ಮಾರ್ಕಿನ ಐನರ್ ಹರ್ಟ್ಸ್‌ಸ್ಪ್ರುಂಗ್ ಕೃತ್ತಿಕೆಗೂ, ರೋಹಿಣಿಯ ಸುತ್ತ ಕಾಣುವ ಹಯಾಡಿಸ್ ಗುಚ್ಛಕ್ಕೂ ಇಂಥ ನಕ್ಷೆ ಪ್ರಕಟಿಸಿದರು. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಲಿಲ್ಲ. ಎಡ ಮೇಲಿನಿಂದ ಬಲ ಕೆಳಗಿನವರೆಗೆ ಓರೆಯಾಗಿ ಇಳಿಯುವ ಪಟ್ಟಿಯಲ್ಲಿ ಸಾಲುಗೂಡಿದವು. ಇದೇ ಪ್ರಧಾನ ಶ್ರೇಣಿ: ಗರ್ಭದಲ್ಲಿ ಹೈಡ್ರೋಜನ್ ಉರಿಸುತ್ತಿರುವ ತಾರೆಗಳ ಸಾಲು. ಭಾರದವು ಬಿಸಿಯಾಗಿ ಪ್ರಖರವಾಗಿ ಮೇಲ್ತುದಿಯಲ್ಲಿ, ಹಗುರದವು ತಣ್ಣಗೆ ಮಂಕಾಗಿ ಕೆಳತುದಿಯಲ್ಲಿ.

ಈ ನಕ್ಷೆಯಲ್ಲಿ ದೂರ, ಧೂಳು, ವಯಸ್ಸು ಮೂರೂ ಒಂದೊಂದು ಬೇರೆ ರೀತಿಯಲ್ಲಿ ಕೈಯಾಡಿಸುತ್ತವೆ. ಗುಚ್ಛವನ್ನು ದೂರ ಒಯ್ದರೆ ಎಲ್ಲ ತಾರೆಗಳೂ ಸಮನಾಗಿ ಮಂಕಾಗುತ್ತವೆ, ಬಣ್ಣ ಬದಲಾಗದು. ಇಡೀ ಚಿತ್ರ ನೆಟ್ಟಗೆ ಕೆಳಕ್ಕೆ ಜಾರುತ್ತದೆ. ನಡುವೆ ಧೂಳು ಬಂದರೆ ತಾರೆಗಳು ಮಂಕೂ ಆಗುತ್ತವೆ, ಕೆಂಪೂ ಆಗುತ್ತವೆ. ಚಿತ್ರ ಓರೆಯಾಗಿ ಬಲಕ್ಕೂ ಕೆಳಕ್ಕೂ ಜಾರುತ್ತದೆ. ಆಕಾಶಗಂಗೆಯ ಸಾಮಾನ್ಯ ಧೂಳಿನಲ್ಲಿ ಬಣ್ಣ ಎಷ್ಟು ಕೆಂಪಾಯಿತೋ ಅದರ ಸುಮಾರು 3.1 ಪಟ್ಟು ಬೆಳಕು ವಿ ಪಟ್ಟಿಯಲ್ಲಿ ಮಂಕಾಗುತ್ತದೆ. ವಯಸ್ಸಾದರೆ ಚಿತ್ರ ಜಾರುವುದಿಲ್ಲ, ಬಾಗುತ್ತದೆ, ಅದೂ ಮೇಲ್ತುದಿಯಿಂದ ಶುರುವಾಗಿ. ಒಂಟಿ ಚುಕ್ಕೆಯಲ್ಲಿ ಈ ಮೂರರ ಪರಿಣಾಮ ಬೆರೆತುಹೋಗಿರುತ್ತದೆ. ಸಾಲಿಗೆ ಆಕಾರ ಇರುವುದರಿಂದ ಯಾವುದು ಜಾರಿದ್ದು, ಯಾವುದು ಬಾಗಿದ್ದು ಎಂದು ಬೇರ್ಪಡಿಸಬಹುದು.

ದೂರದ ಲೆಕ್ಕವನ್ನು ಎಂ67ರಲ್ಲೇ ಮಾಡಬಹುದು. ಸೂರ್ಯನನ್ನು 10 ಪಾರ್ಸೆಕ್, ಅಂದರೆ 32.6 ಜ್ಯೋತಿರ್ವರ್ಷ ದೂರದಲ್ಲಿಟ್ಟರೆ ಅದರ ವಿ ಕಾಂತಿಮಾನ 4.83. ಎಂ67ರಲ್ಲಿ ಸೂರ್ಯನ ತದ್ರೂಪಿನಂಥ ತಾರೆಗಳು ಸುಮಾರು 14.6ರಲ್ಲಿ ಕಾಣುತ್ತವೆ. ಧೂಳು ಕದ್ದ 0.12 ಕಳೆದರೆ 14.48. ಅದರಿಂದ 4.83 ಕಳೆದರೆ ಉಳಿಯುವುದು 9.65. ಐದು ದರ್ಜೆಗೆ ಬೆಳಕು ನೂರು ಪಟ್ಟು ಕುಗ್ಗುತ್ತದೆ, ಅಂದರೆ ದೂರ ಹತ್ತು ಪಟ್ಟು ಹಿಗ್ಗಿದೆ ಎಂಬ ಲೆಕ್ಕದಲ್ಲಿ 9.65 ದರ್ಜೆಗೆ ದೂರ 85 ಪಟ್ಟು. ಹತ್ತು ಪಾರ್ಸೆಕ್‌ನ 85 ಪಟ್ಟು, ಸುಮಾರು 2,800 ಜ್ಯೋತಿರ್ವರ್ಷ. ಒಂದೇ ತಾರೆಯನ್ನು ನಂಬಿ ಯಾರೂ ಹೀಗೆ ಹೇಳುವುದಿಲ್ಲ. ಇಡೀ ಸಾಲನ್ನು ಇನ್ನೊಂದು ಗೊತ್ತಿರುವ ಸಾಲಿನ ಮೇಲೆ ಕೂರಿಸುತ್ತಾರೆ. ಆಗಲೂ ಎಚ್ಚರ ಬೇಕು. ಪ್ರಧಾನ ಶ್ರೇಣಿ ಕಡಿದಾದ ಇಳಿಜಾರಾದ್ದರಿಂದ ಬಣ್ಣದ ಅಳತೆಯಲ್ಲಿ 0.02ರ ತಪ್ಪು ನುಸುಳಿದರೆ ಕಾಂತಿಮಾನದಲ್ಲಿ ಅದು 0.1 ಆಗುತ್ತದೆ, ದೂರದಲ್ಲಿ ಶೇಕಡ ಐದು.

ಧೂಳು ಎಂಬುದೊಂದಿದೆ ಎಂದು ಖಗೋಳ ವಿಜ್ಞಾನಕ್ಕೆ ಮನವರಿಕೆ ಮಾಡಿಕೊಟ್ಟದ್ದೂ ಈ ಗುಚ್ಛಗಳೇ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ತಾರೆಗಳ ನಡುವಿನ ಬಯಲು ಹೆಚ್ಚುಕಡಿಮೆ ಸ್ವಚ್ಛ ಎಂದೇ ಹೆಚ್ಚಿನವರು ಭಾವಿಸಿ ಆಕಾಶಗಂಗೆಯ ಗಾತ್ರ ಅಳೆಯುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಟ್ರಂಪ್ಲರ್ ಕೃತ್ತಿಕೆ, ಎಂ67ರಂಥ ಸುಮಾರು ನೂರು ಮುಕ್ತ ಗುಚ್ಛಗಳ ದೂರವನ್ನು ಎರಡು ದಾರಿಯಿಂದ ಲೆಕ್ಕ ಹಾಕಿದರು. ಮೊದಲ ದಾರಿ ತಾರೆಗಳ ಹೊಳಪಿನದು. ಎರಡನೆಯದು ಗುಚ್ಛದ ತೋರಿಕೆಯ ಅಗಲದ್ದು: ಒಂದೇ ಬಗೆಯ ಗುಚ್ಛಗಳು ನಿಜದಲ್ಲಿ ಒಂದೇ ಗಾತ್ರದವಾದರೆ ದೂರದ್ದು ಅಷ್ಟಕ್ಕಷ್ಟು ಚಿಕ್ಕದಾಗಿ ಕಾಣಬೇಕು. ಎರಡು ಲೆಕ್ಕ ತಾಳೆಯಾಗಲಿಲ್ಲ. ಹೊಳಪಿನ ದೂರವನ್ನು ನಂಬಿದರೆ, ಗುಚ್ಛಗಳು ನಮ್ಮಿಂದ ದೂರ ಹೋದಷ್ಟೂ ನಿಜಗಾತ್ರದಲ್ಲಿ ದೊಡ್ಡದಾಗುತ್ತಾ ಹೋಗುತ್ತಿದ್ದವು, ಅದೂ ಎಲ್ಲ ದಿಕ್ಕಿನಲ್ಲೂ. ಇಡೀ ಆಕಾಶಗಂಗೆ ಭೂಮಿಯನ್ನು ನೋಡಿಕೊಂಡು ತನ್ನ ಗುಚ್ಛಗಳ ಗಾತ್ರ ತೀರ್ಮಾನಿಸುವುದುಂಟೇ? ದೂರದ ಗುಚ್ಛಗಳ ಬೆಳಕನ್ನು ನಡುವೆ ಏನೋ ಹೀರುತ್ತಿದೆ, ಅದಕ್ಕೇ ಅವು ಇರುವುದಕ್ಕಿಂತ ದೂರ ಎನ್ನಿಸುತ್ತಿವೆ ಎಂದು 1930ರಲ್ಲಿ ಟ್ರಂಪ್ಲರ್ ತೀರ್ಮಾನಿಸಿದರು. ಸಾವಿರ ಪಾರ್ಸೆಕ್‌ಗೆ 0.67 ದರ್ಜೆ ಎಂದು ಅವರ ಅಂದಾಜು. 3,260 ಜ್ಯೋತಿರ್ವರ್ಷ ಸಾಗುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಬೆಳಕು ಮಾಯ. ತಾನು ಅಳೆಯಹೊರಟ ವಸ್ತುವಿನ ಅಂಕಿ ಹೊಂದದಿದ್ದಾಗ ಅಂಕಿಯನ್ನು ಬಗ್ಗಿಸದೆ, ನಡುವಿನ ಶೂನ್ಯವನ್ನೇ ಪ್ರಶ್ನಿಸಿದ ಈ ಪ್ರಬಂಧವನ್ನು ಖಗೋಳ ವಿಜ್ಞಾನದ ಅತ್ಯುತ್ತಮ ಕೆಲಸಗಳ ಸಾಲಿನಲ್ಲಿ ಇಡಲೇಬೇಕು ಎಂದು ನನಗನ್ನಿಸುತ್ತದೆ.

ಈಗ ಒಂದೊಂದು ಗುಚ್ಛದ ಧೂಳನ್ನೂ ಬೇರೆಯಾಗಿ ಅಳೆಯಲು ಯು ಪಟ್ಟಿ ಸಹಾಯಕ್ಕೆ ಬರುತ್ತದೆ. ಯುದಿಂದ ಬಿ ಕಳೆದ ಬಣ್ಣವನ್ನು ಬಿಯಿಂದ ವಿ ಕಳೆದ ಬಣ್ಣದ ಎದುರು ಇಟ್ಟರೆ ದೂರ ತಾನಾಗಿಯೇ ಲೆಕ್ಕದಿಂದ ಬಿದ್ದುಹೋಗುತ್ತದೆ, ಏಕೆಂದರೆ ಎರಡೂ ಬರೀ ಬಣ್ಣಗಳು. ಧೂಳು ತಾರೆಗಳನ್ನು ಯಾವ ದಿಕ್ಕಿಗೆ ತಳ್ಳುತ್ತದೆ ಎಂಬುದೂ ಗೊತ್ತು: ಬಿಯಿಂದ ವಿ ಕಳೆದ ಬಣ್ಣ 1 ಸರಿದರೆ ಯುದಿಂದ ಬಿ ಕಳೆದದ್ದು ಸುಮಾರು 0.72. ಧೂಳಿಲ್ಲದ ತಾರೆಗಳ ರೇಖೆ ಆ ನಕ್ಷೆಯಲ್ಲಿ ಡೊಂಕಾಗಿರುವುದರಿಂದ, ನಮ್ಮ ಗುಚ್ಛವನ್ನು ಎಷ್ಟು ಹಿಂದಕ್ಕೆ ತಳ್ಳಿದರೆ ಡೊಂಕಿನ ಮೇಲೆ ಡೊಂಕು ಕೂರುತ್ತದೆ ಎಂದು ನೋಡಿದರೆ ಧೂಳಿನ ಪ್ರಮಾಣ ಸಿಕ್ಕಿತು. ಎಂ67ಕ್ಕೆ ಆ ತಳ್ಳು ಕೇವಲ 0.04. ಅದು ಆಕಾಶಗಂಗೆಯ ತಟ್ಟೆಯ ನಡುಮಟ್ಟದಿಂದ ಸುಮಾರು 1,500 ಜ್ಯೋತಿರ್ವರ್ಷ ಮೇಲಿದೆ. ಧೂಳಿರುವುದು ಬಹುಮಟ್ಟಿಗೆ ಕೆಳಗೆ.

ಬಹುಶಃ ಇಷ್ಟು ಎತ್ತರದಲ್ಲಿ ಸುಳಿದಾಡುವುದರಿಂದಲೇ ಅದು ಇಷ್ಟು ಕಾಲ ಉಳಿದಿದೆ. ತಟ್ಟೆಯೊಳಗಿನ ಗುಚ್ಛಗಳನ್ನು ದೈತ್ಯ ಮೋಡಗಳ ಗುರುತ್ವ ಎಳೆದಾಡಿ ಕೆಲವೇ ಹತ್ತಾರು ಕೋಟಿ ವರ್ಷಗಳಲ್ಲಿ ಚೆದುರಿಸಿಬಿಡುತ್ತದೆ. ಆದ್ದರಿಂದ ಮುಕ್ತ ಗುಚ್ಛಗಳಲ್ಲಿ ಹೆಚ್ಚಿನವು ಎಳೆಯವು, ಮುದುಕರು ಅಪರೂಪ. ಅಪರೂಪವಾದ್ದರಿಂದಲೇ ಎಂ67ರ ಮೇಲೆ ಎಲ್ಲರ ಕಣ್ಣು.

ವಯಸ್ಸಿಗೆ ಬರೋಣ. ದ್ರವ್ಯರಾಶಿ ಎರಡರಷ್ಟಾದರೆ ತಾರೆ ಎರಡರಷ್ಟಲ್ಲ, ಸುಮಾರು ಹನ್ನೊಂದರಷ್ಟು ಪ್ರಖರವಾಗಿ ಉರಿಯುತ್ತದೆ. ಉರುವಲು ಎರಡರಷ್ಟು, ಖರ್ಚು ಹನ್ನೊಂದರಷ್ಟು. ಹಾಗಾಗಿ ಸೂರ್ಯ 1,000 ಕೋಟಿ ವರ್ಷ ಪ್ರಧಾನ ಶ್ರೇಣಿಯಲ್ಲಿದ್ದರೆ ಅದರ ಎರಡರಷ್ಟು ಭಾರದ ತಾರೆ 200 ಕೋಟಿ ವರ್ಷ ತುಂಬುವ ಮೊದಲೇ ಮುಗಿಸುತ್ತದೆ. ಐದು ಪಟ್ಟು ಭಾರದ್ದು 10 ಕೋಟಿಯ ಆಸುಪಾಸಿನಲ್ಲಿ. ಗರ್ಭದ ಹೈಡ್ರೋಜನ್ ಮುಗಿದೊಡನೆ ತಾರೆ ಉಬ್ಬಿ, ಮೈ ತಣಿದು, ನಕ್ಷೆಯಲ್ಲಿ ಬಲಕ್ಕೆ ಹೊರಳುತ್ತದೆ. ಗುಚ್ಛಕ್ಕೆ ವಯಸ್ಸಾದಂತೆ ಸಾಲಿನ ಮೇಲ್ತುದಿ ಕಳಚುತ್ತಾ ಬರುತ್ತದೆ. ಸಾಲು ಎಲ್ಲಿ ಹೊರಳಿದೆಯೋ ಆ ತಿರುವಿನ ತಾರೆಗಳ ಆಯುಷ್ಯವೇ ಗುಚ್ಛದ ವಯಸ್ಸು. ಕೃತ್ತಿಕೆಯಲ್ಲಿ ಸಾಲು ಇನ್ನೂ ನೀಲಿ ತಾರೆಗಳವರೆಗೆ ಏರಿದೆ. ಅದರ ವಯಸ್ಸು ಹತ್ತರಿಂದ ಹದಿಮೂರು ಕೋಟಿ ವರ್ಷ. ಭೂಮಿಯ ಮೇಲೆ ಡೈನೋಸಾರ್‌ಗಳಿದ್ದಾಗ ಹುಟ್ಟಿದ ಮಕ್ಕಳು ಅವು.

ಎಂ67ರ ನಕ್ಷೆಯನ್ನು ಜಾನ್ಸನ್ ಮತ್ತು ಆ್ಯಲನ್ ಸ್ಯಾಂಡೇಜ್ 1955ರಲ್ಲಿ ಪ್ರಕಟಿಸಿದರು. ಅದರ ಸಾಲಿನಲ್ಲಿ ನೀಲಿ ಭಾಗವೇ ಇಲ್ಲ. ಕೆಳಗಿನಿಂದ ಏರಿಬರುವ ಸಾಲು ಸೂರ್ಯನಂಥ ತಾರೆಗಳನ್ನು ದಾಟಿ, 13ನೇ ಕಾಂತಿಮಾನದ ಹತ್ತಿರ, ಸೂರ್ಯನ 1.3 ಪಟ್ಟು ಭಾರದ ತಾರೆಗಳಲ್ಲಿ ಬಲಕ್ಕೆ ಹೊರಳುತ್ತದೆ. ತಿರುವಿನಲ್ಲೇ ಚುಕ್ಕೆಗಳಿಲ್ಲದ ಕಿರಿದಾದ ಬಿಡುವೊಂದಿದೆ. ಗರ್ಭದ ಉರುವಲು ತೀರಿದ ತಾರೆ ಆ ಹಂತವನ್ನು ಎಷ್ಟು ಬೇಗ ದಾಟುತ್ತದೆಂದರೆ ದಾಟುತ್ತಿರುವಾಗ ಅದು ನಮ್ಮ ಕಣ್ಣಿಗೆ ಸಿಗುವುದೇ ವಿರಳ. ಅಲ್ಲಿಂದ ಮುಂದೆ ಸಾಲು ಬಲಕ್ಕೆ ಸಾಗಿ, ಕೆಂಪು ದೈತ್ಯರ ಏಣಿ ಹತ್ತುತ್ತದೆ. ಕಂಪ್ಯೂಟರಿನಲ್ಲಿ ನೂರಾರು ದ್ರವ್ಯರಾಶಿಯ ತಾರೆಗಳನ್ನು ಒಂದೇ ಕಾಲಕ್ಕೆ ಬೆಳೆಸಿ, 200 ಕೋಟಿ, 300 ಕೋಟಿ, 400 ಕೋಟಿ ವರ್ಷಕ್ಕೆ ಅವು ನಕ್ಷೆಯಲ್ಲಿ ಎಲ್ಲಿರಬೇಕು ಎಂದು ಎಳೆದ ಸಮವಯೋರೇಖೆಗಳಿವೆ. ತಿರುವು, ಬಿಡುವು, ದೈತ್ಯರ ಏಣಿ ಮೂರೂ ಕೂಡಿ ಹೊಂದುವುದು 400 ಕೋಟಿಯ ರೇಖೆಗೆ. ಸೂರ್ಯನಿಗೆ 460 ಕೋಟಿ. ಎಂ67ರ ರಾಸಾಯನಿಕ ಮಿಶ್ರಣವೂ ಸೂರ್ಯನಂಥದೇ ಆದ್ದರಿಂದ, ನಮ್ಮ ಸೂರ್ಯನ ಸ್ವಭಾವದಲ್ಲಿ ಯಾವುದು ಸಾಮಾನ್ಯ, ಯಾವುದು ಅದರದೇ ವಿಶೇಷ ಎಂದು ಹೋಲಿಸಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಬೆಳಕಿನಿಂದ ಅಳೆದ ದೂರ ಎಷ್ಟು ನಂಬಲರ್ಹ? ಇದಕ್ಕೊಂದು ಕಠಿಣ ಪರೀಕ್ಷೆ ನಡೆದದ್ದು ಕೃತ್ತಿಕೆಯಲ್ಲಿ. ಪ್ರಧಾನ ಶ್ರೇಣಿ ಹೊಂದಿಸಿ ನೋಡಿದವರು ಕೃತ್ತಿಕೆ 430 ಜ್ಯೋತಿರ್ವರ್ಷದ ಆಸುಪಾಸಿನಲ್ಲಿದೆ ಎನ್ನುತ್ತಿದ್ದರು. 1997ರಲ್ಲಿ ಯುರೋಪಿನ ಹಿಪಾರ್ಕಸ್ ಉಪಗ್ರಹದ ಪಟ್ಟಿ ಹೊರಬಂತು. ಭೂಮಿ ಸೂರ್ಯನನ್ನು ಸುತ್ತುವಾಗ ತಾರೆ ಆಚೀಚೆ ಸರಿದಂತೆ ತೋರುವ ಲಂಬನವನ್ನು ಅದು ನೇರವಾಗಿ ಅಳೆದಿತ್ತು. ಆ ಪ್ರಕಾರ ದೂರ ಸುಮಾರು 390. ವ್ಯತ್ಯಾಸ ಚಿಕ್ಕದೆನ್ನಿಸಬಹುದು. ಆದರೆ ಅದನ್ನು ಒಪ್ಪಿದರೆ ಕೃತ್ತಿಕೆಯ ಪ್ರತಿ ತಾರೆಯೂ ಅದೇ ಬಣ್ಣದ ಬೇರೆ ತಾರೆಗಳಿಗಿಂತ ಕಾಲು ದರ್ಜೆಯಷ್ಟು ಮಂಕಾಗಬೇಕು, ತಾರೆಗಳ ಒಳರಚನೆಯ ಬಗ್ಗೆ ನಾವು ತಿಳಿದದ್ದೇ ಸರಿಯಿಲ್ಲ ಎನ್ನಬೇಕು. ಜ್ಯಾಮಿತಿಯ ನೇರ ಅಳತೆಯ ಎದುರು ನಕ್ಷೆಯ ಹೊಂದಾಣಿಕೆ ನಿಲ್ಲುವುದೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಹಬಲ್ ದೂರದರ್ಶಕದ ಅಳತೆ ಹಳೆಯ ದೂರದ ಕಡೆಗೆ ವಾಲಿತು. 2014ರಲ್ಲಿ ಭೂಮಿಯ ಬೇರೆ ಬೇರೆ ಕಡೆಗಳಲ್ಲಿರುವ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ 136.2 ಪಾರ್ಸೆಕ್ ಬಂತು, ಸುಮಾರು 444 ಜ್ಯೋತಿರ್ವರ್ಷ. 2018ರಲ್ಲಿ ಗಾಯಾ ಉಪಗ್ರಹವೂ ಅದನ್ನೇ ಹೇಳಿತು. ಕೃತ್ತಿಕೆಯ ಮಟ್ಟಿಗೆ ಹಿಪಾರ್ಕಸ್ ಎಡವಿತ್ತು. ಗಾಜಿನ ಶೋಧಕ ಹಿಡಿದು ಬೆಳಕು ಎಣಿಸಿದವರ ಅಂದಾಜೇ ನಿಜಕ್ಕೆ ಹತ್ತಿರವಿತ್ತು.

2013ರ ಡಿಸೆಂಬರಿನಲ್ಲಿ ಹಾರಿದ ಗಾಯಾ ಗುಚ್ಛಗಳ ಅಧ್ಯಯನದ ಚಹರೆಯನ್ನೇ ಬದಲಿಸಿತು. ಸುಮಾರು 180 ಕೋಟಿ ಆಕಾಶಕಾಯಗಳ ಹೊಳಪು, ಅವುಗಳಲ್ಲಿ ಹೆಚ್ಚಿನವುಗಳ ಬಣ್ಣ, ಲಂಬನ ಮತ್ತು ಆಕಾಶದಲ್ಲಿ ಅವು ಸರಿಯುವ ವೇಗ ಅದರ ಪಟ್ಟಿಯಲ್ಲಿವೆ. ಮೊದಲೆಲ್ಲ ಗುಚ್ಛದ ದಿಕ್ಕಿನಲ್ಲಿ ಹಿಂದೆಯೋ ಮುಂದೆಯೋ ಇರುವ ಅನ್ಯ ತಾರೆಗಳು ನಕ್ಷೆಯೊಳಗೆ ನುಗ್ಗಿ ಸಾಲನ್ನು ಕಲಕುತ್ತಿದ್ದವು. ಈಗ ಒಟ್ಟಿಗೆ ಸಾಗುವವುಗಳನ್ನು ಮಾತ್ರ ಆರಿಸಿಕೊಂಡರೆ ಎಂ67ರ ಸಾಲು ಗೆರೆ ಎಳೆದಷ್ಟು ತೆಳ್ಳಗೆ ಕಾಣುತ್ತದೆ. ದೂರ ಲಂಬನದಿಂದಲೇ ಸಿಗುವುದರಿಂದ ಧೂಳು ಮತ್ತು ವಯಸ್ಸಿನ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. ವಯಸ್ಸನ್ನು ಮಾತ್ರ ಯಾವ ಲಂಬನವೂ ಹೇಳದು; ಅದಕ್ಕೆ ಇಂದಿಗೂ ಅದೇ ಬಣ್ಣ, ಅದೇ ಹೊಳಪು, ಅದೇ ತಿರುವು.

ಸಾಲು ಇಷ್ಟು ಸ್ಪಷ್ಟವಾದ ಮೇಲೆ ಸಾಲಿನಲ್ಲಿ ನಿಲ್ಲದವು ಎದ್ದು ಕಾಣುತ್ತವೆ. ಪ್ರಧಾನ ಶ್ರೇಣಿಗೆ ಸಮಾನಾಂತರವಾಗಿ, ಅದರಿಂದ 0.75 ದರ್ಜೆ ಮೇಲೆ, ಇನ್ನೊಂದು ತೆಳು ಸಾಲಿರುತ್ತದೆ. ಅವು ಜೋಡಿಗಳು: ಒಂದೇ ತೂಕದ ಎರಡು ತಾರೆಗಳು ಚಿತ್ರದಲ್ಲಿ ಒಂದಾಗಿ ಬಿದ್ದಾಗ ಬಣ್ಣ ಬದಲಾಗದೆ ಬೆಳಕು ಮಾತ್ರ ಇಮ್ಮಡಿಯಾಗುತ್ತದೆ, ಇಮ್ಮಡಿ ಬೆಳಕೆಂದರೆ 0.75 ದರ್ಜೆ. ಯಾವ ದೂರದರ್ಶಕಕ್ಕೂ ಬೇರೆಯಾಗಿ ಕಾಣದ ಜೋಡಿಗಳನ್ನು ಹೀಗೆ ಎಣಿಸಬಹುದು. ಇನ್ನು ಕೆಲವು ತಾರೆಗಳು ತಿರುವಿನಿಂದ ಮೇಲೆ, ಎಡಕ್ಕೆ, ಎಂದೋ ಖಾಲಿಯಾಗಬೇಕಿದ್ದ ಜಾಗದಲ್ಲಿ ಇನ್ನೂ ನೀಲಿಯಾಗಿ ಉರಿಯುತ್ತಿರುತ್ತವೆ. ಸ್ಯಾಂಡೇಜ್ ಇಂಥವನ್ನು 1953ರಲ್ಲಿ ಎಂ3 ಎಂಬ ಗೋಳಗುಚ್ಛದಲ್ಲಿ ಮೊದಲು ಗುರುತಿಸಿದರು. ಎಂ67ರಲ್ಲಿ ಅವು ಹತ್ತಕ್ಕೂ ಹೆಚ್ಚಿವೆ. 400 ಕೋಟಿ ವರ್ಷದ ಗುಚ್ಛದಲ್ಲಿ ಅಷ್ಟು ಭಾರದ ತಾರೆ ಹುಟ್ಟಿನಿಂದಲೇ ಹಾಗಿರಲು ಸಾಧ್ಯವಿಲ್ಲ. ಎಲ್ಲಿಂದಲೋ ದ್ರವ್ಯ ಪಡೆದಿರಬೇಕು, ಇಲ್ಲವೇ ಎರಡು ತಾರೆಗಳು ಕೂಡಿ ಒಂದಾಗಿರಬೇಕು.

ದ್ರವ್ಯ ಕೊಟ್ಟ ತಾರೆ ತನ್ನ ಹೊರಪದರ ಕಳೆದುಕೊಂಡು ಬೆತ್ತಲೆ ಗರ್ಭವಾಗಿ ಪಕ್ಕದಲ್ಲೇ ಉಳಿದಿರಬೇಕು. ಅದು ಚಿಕ್ಕದು, ಆದರೆ ಬಹಳ ಬಿಸಿ. ಹಳದಿ ಬೆಳಕಿನಲ್ಲಿ ದೊಡ್ಡ ಸಂಗಾತಿಯ ಮುಂದೆ ಅಡಗಿಹೋಗುತ್ತದೆ, ಅತಿನೇರಳೆಯಲ್ಲಿ ಮಾತ್ರ ತಲೆಯೆತ್ತುತ್ತದೆ. ಅತಿನೇರಳೆಯ ಬಹುಪಾಲನ್ನು ನಮ್ಮ ಗಾಳಿ ಕೆಳಗೆ ಬಿಡುವುದಿಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಅತಿನೇರಳೆ ದೂರದರ್ಶಕ ಇತ್ತು. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಅದನ್ನು ಎನ್‌ಜಿಸಿ 188 ಎಂಬ ಇನ್ನೂ ಹಳೆಯ ಗುಚ್ಛದತ್ತ ತಿರುಗಿಸಿ, ಅಲ್ಲಿನ ಇಂಥ ಒಂದು ನೀಲಿ ತಾರೆಯ ಪಕ್ಕದಲ್ಲಿ ಬಿಸಿ ಸಂಗಾತಿಯೊಂದು ಅಡಗಿರುವುದನ್ನು 2016ರಲ್ಲಿ ತೋರಿಸಿದರು. ಆಮೇಲೆ ಎಂ67ರ ಸರದಿ. ಅತಿನೇರಳೆಯಿಂದ ಅವಕೆಂಪಿನವರೆಗೆ ಒಂದೊಂದು ತಾರೆಯ ಬೆಳಕನ್ನೂ ಶೋಧಕದಿಂದ ಶೋಧಕಕ್ಕೆ ಕೂಡಿಸಿ ನೋಡಿದಾಗ, ನೀಲಿ ತಾರೆಗಳಲ್ಲಿ ಮಾತ್ರವಲ್ಲ, ಪ್ರಧಾನ ಶ್ರೇಣಿಯ ಸಾಲಿನಲ್ಲಿ ಸಭ್ಯವಾಗಿ ನಿಂತಿದ್ದ ಕೆಲವು ತಾರೆಗಳಲ್ಲೂ ಒಂದೇ ಉಷ್ಣತೆಯಿಂದ ವಿವರಿಸಲಾಗದಷ್ಟು ಅತಿನೇರಳೆ ಬೆಳಕಿತ್ತು. ಕೆಲವಕ್ಕೆ ಮೇಲ್ಮೈಯ ಕಾಂತಚಟುವಟಿಕೆ ಕಾರಣವಾಗಿರಬಹುದು. ಉಳಿದವುಗಳ ಪಕ್ಕದಲ್ಲಿರುವುದು ತೀರ ಹಗುರವಾದ ಶ್ವೇತಕುಬ್ಜಗಳು, ಅಂದರೆ ಇಂಥವೇ ಬೆತ್ತಲೆ ಗರ್ಭಗಳು, ಎಂದು ಆ ತಂಡದ 2019ರ ವರದಿ ಹೇಳುತ್ತದೆ. ಅಷ್ಟು ಹಗುರದ ಶ್ವೇತಕುಬ್ಜ ಒಂಟಿ ತಾರೆಯಿಂದ ರೂಪುಗೊಳ್ಳಲು ವಿಶ್ವದ ಈವರೆಗಿನ 1,380 ಕೋಟಿ ವರ್ಷಗಳೂ ಸಾಲವು. ಅವು ತಮ್ಮ ಮೈಯ ದ್ರವ್ಯವನ್ನು ಪಕ್ಕದ ತಾರೆಗೆ ಒಪ್ಪಿಸಿಯೇ ಹಾಗಾಗಿರಬೇಕು.